ಮರಿಗೆಯ ಚರಿತ್ರೆ ಅಲಗಿನಲ್ಲಿದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಐದು ತಾಲೂಕುಗಳು ಇಂದು ವಿಜಯನಗರ ಜಿಲ್ಲೆಯಲ್ಲಿವೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಜೋಳದ ರೊಟ್ಟಿ ಇಲ್ಲಿನ ದಿನನಿತ್ಯದ ಊಟ. ರೊಟ್ಟಿಯ ಹಿಟ್ಟು ನಾದಲು ಈಗ ಮನೆಮನೆಯಲ್ಲೂ ಸ್ಟೀಲಿನ ಪರಾತ ಇದೆ. ಅದಕ್ಕೂ ಮೊದಲು ಏನಿತ್ತು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಒಂದೇ ಮರದ ತುಂಡನ್ನು ಕೆತ್ತಿ ಮಾಡಿದ ಅಗಲ ಬಾಯಿಯ ಬೋಗುಣಿಯ ಮಾತು ಬಂದರೂ ಬರಬಹುದು. ಕನ್ನಡದಲ್ಲಿ ಅದಕ್ಕೆ ಮರಿಗೆ ಎಂಬ ಹೆಸರಿದೆ; ಕೆಲವೆಡೆ ಕೊಣಮಿಗೆ ಎನ್ನುತ್ತಾರೆ.

ಅಂಥದೊಂದು ಹಳೆಯ ಮರಿಗೆ ಸಿಕ್ಕರೆ ಅದನ್ನು ಬೆಳಕಿಗೆ ಹಿಡಿದು ಒಳಮೈ ನೋಡಿ. ದೂರದಿಂದ ನುಣುಪಾಗಿ ಕಂಡ ಮೈಮೇಲೆ ಹೆಬ್ಬೆರಳಿನಷ್ಟು ಅಗಲದ ನೂರಾರು ಸಣ್ಣ ತಗ್ಗುಗಳು ಸಾಲಾಗಿ ಕಾಣುತ್ತವೆ. ಒಂದೊಂದು ತಗ್ಗೂ ಬಾಚಿಯ ಅಥವಾ ಉಳಿಯ ಒಂದೊಂದು ಏಟು. ಆ ಏಟಿನ ಗುರುತುಗಳನ್ನು ಓದಲು ಬಂದರೆ ಮರಿಗೆಯ ಚರಿತ್ರೆಯನ್ನೂ ಓದಬಹುದು.

ಚರಿತ್ರೆ ಬರೆಯುವವರಿಗೆ ಮರದ ಪಾತ್ರೆ ಬಹಳ ತೊಂದರೆ ಕೊಡುವ ವಸ್ತು. ಮಡಕೆ ಒಡೆದರೂ ಅದರ ಚೂರು ಸಾವಿರಾರು ವರ್ಷ ಮಣ್ಣಿನಲ್ಲಿ ಉಳಿಯುತ್ತದೆ. ಮರವನ್ನು ಗೆದ್ದಲು ತಿನ್ನುತ್ತದೆ, ಶಿಲೀಂಧ್ರ ಕೊಳೆಸುತ್ತದೆ, ಕೊನೆಗೆ ಉಳಿದದ್ದು ಒಲೆಗೆ ಹೋಗುತ್ತದೆ. ಆದ್ದರಿಂದ ನಮ್ಮ ಒಣಸೀಮೆಯ ಅಗೆತಗಳಲ್ಲಿ ಹಳೆಯ ಮರಿಗೆಯನ್ನು ಹುಡುಕುತ್ತ ಕುಳಿತರೆ ಕೈಗೆ ಏನೂ ಸಿಗುವುದಿಲ್ಲ. ಅದನ್ನು ಕೆತ್ತಬಲ್ಲ ಅಲಗು ಮಾತ್ರ ಉಳಿದಿದೆ. ಯಾವ ಕಾಲದ ಅಲಗು ಎಂಥ ಮರವನ್ನು ಕಡಿಯಬಲ್ಲದಾಗಿತ್ತು ಎಂದು ತಿಳಿದರೆ ಆ ಕಾಲದ ಜನರಿಗೆ ಮರದ ಮೇಲೆ ಎಷ್ಟು ಹಿಡಿತವಿತ್ತು ಎಂಬುದನ್ನು ಊಹಿಸಬಹುದು.

ಹೆಸರಿನೊಳಗೇ ಮರ

ಮೊದಲು ಪದವನ್ನು ನೋಡೋಣ. ಮರಿಗೆ ಎಂಬ ಪದದ ಬೇರು ಮರ. ತಮಿಳಿನಲ್ಲಿ ಮರದ ಬೋಗುಣಿಗೆ ಮರವೈ ಎಂಬ ಪದವಿದೆ; ಧಾನ್ಯ ಅಳೆಯುವ ಮರಕ್ಕಾಲ್ ಇದೆ. ತುಳುವಿನಲ್ಲಿ ಮರಾಯಿ ಇದೆ. ಒಂದೇ ಬೇರಿನಿಂದ ಹಲವು ದ್ರಾವಿಡ ಭಾಷೆಗಳಲ್ಲಿ ಪಾತ್ರೆಯ ಹೆಸರು ಹುಟ್ಟಿದೆ ಎಂದರೆ ಮರದಿಂದ ಪಾತ್ರೆ ಮಾಡುವ ಕೆಲಸ ಬಹಳ ಹಳೆಯದು ಎನ್ನಲು ಅಡ್ಡಿಯಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಉಪ್ಪನ್ನು ಮರಿಗೆಯಲ್ಲಿಡುವ ರೂಢಿಯಿತ್ತು. ಉಪ್ಪು ತೇವ ಎಳೆದುಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತಾಮ್ರವನ್ನು ಕಿಲುಬುಗಟ್ಟಿಸುತ್ತದೆ. ಮರಕ್ಕೆ ಆ ಭಯವಿಲ್ಲ. ಪದ ಉಳಿದದ್ದಕ್ಕೆ ಇಂಥ ಉಪಯೋಗಗಳೂ ಕಾರಣ.

ಕಲ್ಲಿನ ಅಲಗು

ಈಗ ಬಳ್ಳಾರಿಗೆ ಹೋಗೋಣ. ನಗರದ ಹೊರವಲಯದಲ್ಲಿ ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ನಡುವೆ ಕಲ್ಲುಬಂಡೆಗಳ ಗುಡ್ಡಗಳಿವೆ. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ತಳಪಾಯ ಹಾಕಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಇಲ್ಲಿ ಶಿಲಾ ಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯನ್ನು ಗುರುತಿಸಿದ. ಬಳ್ಳಾರಿ ಜಿಲ್ಲೆಯ ಭೂರಚನೆ ಕುರಿತ ಆತನ ಗ್ರಂಥ ಪ್ರಕಟವಾದದ್ದು 1895ರಲ್ಲಿ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಇಲ್ಲಿ ಅಗೆತ ನಡೆಸಿದರು. ಮುಂದೆ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ವಿಸ್ತಾರವಾಗಿ ಅಧ್ಯಯನ ಮಾಡಿದರು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಈ ಗುಡ್ಡಗಳು ಒಂದು ದೊಡ್ಡ ಕೊಡಲಿ ಕಾರ್ಖಾನೆಯೇ ಆಗಿದ್ದವು.

ಸುತ್ತಲೂ ಗ್ರಾನೈಟ್ ಇರುವಾಗ ಅವರು ಕೊಡಲಿಗೆ ಆರಿಸಿಕೊಂಡದ್ದು ಡೊಲರೈಟ್ ಎಂಬ ಕಪ್ಪು ಶಿಲೆಯನ್ನು. ಇದು ಗ್ರಾನೈಟಿನ ಬಿರುಕುಗಳಲ್ಲಿ ಗೋಡೆಯಂತೆ ಸೇರಿಕೊಂಡಿರುತ್ತದೆ. ಗ್ರಾನೈಟಿನ ಹರಳುಗಳು ದಪ್ಪ. ಅಂಚನ್ನು ತೆಳುವಾಗಿಸಿದರೆ ಹರಳು ಹರಳಾಗಿ ಉದುರುತ್ತದೆ. ಡೊಲರೈಟಿನ ಹರಳುಗಳು ಸಣ್ಣವು, ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅದನ್ನು ಚಕ್ಕೆ ಎಬ್ಬಿಸಿ, ಕುಟ್ಟಿ, ಬಂಡೆಯ ಮೇಲೆ ನೀರು ಮರಳು ಹಾಕಿ ತಿಕ್ಕಿದರೆ ಗಟ್ಟಿಯಾದ ಅಲಗು ಬರುತ್ತದೆ. ಹೀಗೆ ತಿಕ್ಕಿ ತಿಕ್ಕಿ ಬಂಡೆಗಳಲ್ಲಿ ಬಿದ್ದ ಉದ್ದನೆಯ ಕುಳಿಗಳನ್ನು ಆ ಗುಡ್ಡಗಳಲ್ಲಿ ಇಂದಿಗೂ ನೋಡಬಹುದು. ಶಾಲಾ ಪ್ರವಾಸ ಹೊರಟಾಗ ಬಳ್ಳಾರಿಯಲ್ಲಿರುವ, ಫುಟ್‌ನ ಹೆಸರು ಹೊತ್ತ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ಮರೆಯಬೇಡಿ.

ಕಲ್ಲಿನ ಕೊಡಲಿಯಿಂದ ಮರ ಕಡಿಯಲು ಸಾಧ್ಯವೇ? ಡೆನ್ಮಾರ್ಕಿನ ವಿಜ್ಞಾನಿಗಳು 1950ರ ದಶಕದ ಆರಂಭದಲ್ಲಿ ಡ್ರಾವೆಡ್ ಎಂಬ ಕಾಡಿನಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದರು. ಉಕ್ಕಿನ ಕೊಡಲಿಯಂತೆ ತೋಳು ಬೀಸಿ ಹೊಡೆದಾಗ ಕಲ್ಲಿನ ಅಲಗು ಮುರಿಯಿತು. ಮೊಣಕೈಯಿಂದ ಚಿಕ್ಕ ಚಿಕ್ಕ ವೇಗದ ಏಟು ಹಾಕಿದಾಗ ಓಕ್ ಮರಗಳೂ ಬಿದ್ದವು. ಅಂದರೆ ಉಪಕರಣ ಬದಲಾದರೆ ಕೈಯ ಚಲನೆಯೂ ಬದಲಾಗಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬಾಚಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಸಂಗನಕಲ್ಲಿನಲ್ಲಿ ಮರ ಪೂರ್ತಿ ಮಾಯವಾಗಿಲ್ಲ. ಸುಟ್ಟ ಮರ ಇದ್ದಿಲಾಗಿ ಉಳಿದಿದೆ. ಇದ್ದಿಲನ್ನು ಗೆದ್ದಲು ತಿನ್ನುವುದಿಲ್ಲ. ಮರದ ಕೋಶರಚನೆ ಅದರಲ್ಲಿ ಹಾಗೆಯೇ ಇರುತ್ತದೆ. ಎಲೆನಿ ಅಸೌಟಿ ಮತ್ತು ಡೋರಿಯನ್ ಫುಲ್ಲರ್ ಎಂಬ ವಿಜ್ಞಾನಿಗಳು ದಕ್ಷಿಣ ಭಾರತದ ನೆಲೆಗಳ ಇಂಥ ಇದ್ದಿಲಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2008ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಆ ಕಾಲದವರ ಸುತ್ತಮುತ್ತ ಎಂಥ ಕಾಡಿತ್ತು ಎಂಬುದನ್ನು ಹೀಗೆ ಒಲೆಯ ಬೂದಿಯಿಂದ ತಿಳಿಯಲು ಸಾಧ್ಯವಾಗಿದೆ.

ಕಬ್ಬಿಣ ಬಂತು

ಕೂಡ್ಲಿಗಿಯ ನೆರೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ ಇದೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆತ ನಡೆಸಿದರು. ಕೆಳಗಿನ ಪದರಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಅದರ ಮೇಲಿನ ಬೃಹತ್ ಶಿಲಾ ಸಂಸ್ಕೃತಿಯಲ್ಲಿ ಕಬ್ಬಿಣದ ಉಪಕರಣಗಳು ಸಿಕ್ಕವು. ಒಂದೇ ಜಾಗದಲ್ಲಿ ಅಲಗು ಬದಲಾದ ಕಥೆ ಪದರ ಪದರವಾಗಿ ಕಂಡಿತು. ತುಂಗಭದ್ರೆಯ ದಡದಲ್ಲಿ, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಅಗೆತದಿಂದ, ಕ್ರಿ.ಪೂ. 1000ದ ಸುಮಾರಿಗೇ ಇಲ್ಲಿನವರಿಗೆ ಕಬ್ಬಿಣ ಗೊತ್ತಿತ್ತು ಎಂದು ತಿಳಿಯಿತು. ಹರಪನಹಳ್ಳಿ, ಹಡಗಲಿ ತಾಲೂಕುಗಳ ಅಂಚಿನಲ್ಲಿ ಹರಿಯುವುದೂ ಅದೇ ನದಿ. ಕೂಡ್ಲಿಗಿ ತಾಲೂಕಿನ ಕುಮತಿಯಲ್ಲಿರುವ ಮಾನವಾಕೃತಿಯ ಚಪ್ಪಟೆ ಶಿಲೆಗಳೂ ಬೃಹತ್ ಶಿಲಾ ಸಂಸ್ಕೃತಿಯವೇ.

ಕಬ್ಬಿಣ ಬಂದೊಡನೆ ಎಲ್ಲವೂ ಸುಲಭವಾಯಿತು ಎಂದು ಭಾವಿಸಬೇಡಿ. ಇಂಗಾಲ ಕಡಿಮೆ ಇರುವ ಮೆದು ಕಬ್ಬಿಣದ ಅಲಗು ಗಟ್ಟಿ ಮರಕ್ಕೆ ತಾಗಿದರೆ ಮಡಚಿಕೊಳ್ಳುತ್ತದೆ. ಆದರೆ ಕಲ್ಲಿಗಿಲ್ಲದ ಎರಡು ಗುಣ ಅದಕ್ಕಿದೆ. ಮಡಚಿದ ಅಲಗನ್ನು ಕಾಯಿಸಿ ಬಡಿದು ಮತ್ತೆ ನೇರ ಮಾಡಬಹುದು. ಬೇಕಾದಂತೆ ಬಾಗಿಸಬಹುದು. ಡೊಲರೈಟಿನಲ್ಲಿ ಬಾಯಿ ಬಾಗಿದ ತೆಳು ಉಳಿಯನ್ನು ಮಾಡಲು ಬರುವುದಿಲ್ಲ, ಕಬ್ಬಿಣದಲ್ಲಿ ಬರುತ್ತದೆ. ಆಳವಾದ ಬೋಗುಣಿಯ ಒಳಮೈಯನ್ನು ಬೆಂಕಿಯಿಂದ ಸುಟ್ಟು ಕೆರೆಯದೆ, ಅಲಗಿನಿಂದಲೇ ತೋಡುವ ದಾರಿ ಹೀಗೆ ತೆರೆಯಿತು.

ಕಮ್ಮಾರನ ರಸಾಯನಶಾಸ್ತ್ರ

ನಿಜವಾದ ಬದಲಾವಣೆ ತಂದದ್ದು ಉಕ್ಕು. ಕಬ್ಬಿಣಕ್ಕೆ ಶೇಕಡಾ 0.6ರಿಂದ 1ರಷ್ಟು ಇಂಗಾಲ ಸೇರಿದರೆ ಅದರ ಗುಣವೇ ಬೇರೆ. ಕಮ್ಮಾರ ಅಂಥ ಉಕ್ಕನ್ನು ಕುಲುಮೆಯಲ್ಲಿ ಕೆಂಡದ ಬಣ್ಣ ಬರುವವರೆಗೆ, ಅಂದರೆ ಸುಮಾರು 750ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಥಟ್ಟನೆ ನೀರಿನಲ್ಲಿ ಅದ್ದುತ್ತಾನೆ. ಇಂಗಾಲದ ಪರಮಾಣುಗಳಿಗೆ ಹೊರಬರಲು ಸಮಯ ಸಿಗುವುದಿಲ್ಲ. ಅವು ಕಬ್ಬಿಣದ ಹರಳುಗಳೊಳಗೇ ಸಿಕ್ಕಿಬಿದ್ದು ಹರಳನ್ನು ಬಿಗಿದುಬಿಡುತ್ತವೆ. ಈ ರಚನೆಗೆ ಮಾರ್ಟೆನ್ಸೈಟ್ ಎಂದು ಹೆಸರು. ಅದು ಬಹಳ ಗಡಸು, ಆದರೆ ಗಾಜಿನಂತೆ ಮುರಿಯುವಂಥದು. ಆದ್ದರಿಂದ ಕಮ್ಮಾರ ಅದನ್ನು ಮತ್ತೆ ಮೆಲ್ಲಗೆ ಕಾಯಿಸುತ್ತಾನೆ. ಉಜ್ಜಿ ಹೊಳಪು ಮಾಡಿದ ಅಲಗಿನ ಮೇಲೆ ಆಕ್ಸೈಡಿನ ತೆಳು ಪೊರೆ ಮೂಡಿ ಬಣ್ಣ ಬದಲಾಗುತ್ತದೆ: ಸುಮಾರು 220-230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 260ರ ಆಚೆ ಕಂದು, 300ರ ಹತ್ತಿರ ನೀಲಿ. ಬೇಕಾದ ಬಣ್ಣ ಬಂದ ಕ್ಷಣಕ್ಕೆ ನೀರಿಗೆ ಹಾಕಿದರೆ ಹದ ಕೂಡಿತು. ಉಷ್ಣತಾಮಾಪಕವಿಲ್ಲದೆ ಕಣ್ಣಿನಿಂದಲೇ ನಡೆಯುವ ಅಳತೆ ಇದು.

ದಕ್ಷಿಣ ಭಾರತದ ಮೂಸೆಯ ಉಕ್ಕು ಯುರೋಪಿನಲ್ಲಿ 'ವೂಟ್ಜ್' ಎಂದು ಹೆಸರಾಯಿತು. ಕನ್ನಡದ 'ಉಕ್ಕು' ಪದವೇ ಹೀಗೆ ಮಾರ್ಪಟ್ಟಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಉಕ್ಕಿನ ಬಗ್ಗೆ ಪ್ರಬಂಧ ಸಲ್ಲಿಸಿದ. 1819ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ವಿಶ್ಲೇಷಿಸಿದ. ವಿದ್ಯುತ್ತಿನ ಪಾಠದಲ್ಲಿ ನೀವು ಹೇಳಿಕೊಡುವ ಅದೇ ಫ್ಯಾರಡೆ!

ಉಕ್ಕಿನ ಅಲಗು ಈ ಸೀಮೆಯಲ್ಲಿ ಎಷ್ಟು ಪಳಗಿತ್ತು ಎಂಬುದಕ್ಕೆ ಕಲ್ಲಿನಲ್ಲೇ ಸಾಕ್ಷಿ ಇದೆ. ಬಾಗಳಿ, ಹಿರೇಹಡಗಲಿ, ಕುರುವತ್ತಿ ಮೊದಲಾದ ಕಡೆ 10-11ನೇ ಶತಮಾನಗಳ ಚಾಲುಕ್ಯ ದೇವಾಲಯಗಳಿವೆ. 1896ರಲ್ಲಿ ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ಗ್ರಂಥ ಪ್ರಕಟಿಸಿದ. ಈ ಶೈಲಿಯ ದೇವಾಲಯಗಳ ಕಂಬಗಳು ಬುಗುರಿಯಂತೆ ತಿರುಗಿಸಿ ಕಡೆದಂಥವು. ಮೆದುವಾದ ಬಳಪದ ಕಲ್ಲನ್ನು ಮರ ಕಡೆದಂತೆ ಕಡೆದಿದ್ದಾರೆ, ದಂತ ಕೆತ್ತಿದಂತೆ ಕೆತ್ತಿದ್ದಾರೆ. ಉಳಿಗೆ ಹದ ಕೊಡುವ ಕಮ್ಮಾರ ಹತ್ತಿರದಲ್ಲಿ ಇಲ್ಲದೆ ಇಂಥ ಕೆಲಸ ಒಂದು ದಿನವೂ ನಡೆಯದು.

ಬಾಚಿ ಬೀಸುವ ಲೆಕ್ಕ

ಕೊಡಲಿಯ ಅಲಗು ಕಾವಿನ ಗೆರೆಯಲ್ಲೇ ಇರುತ್ತದೆ. ಬಾಚಿಯ ಅಲಗು ಕಾವಿಗೆ ಅಡ್ಡವಾಗಿರುತ್ತದೆ, ಗುದ್ದಲಿಯ ಹಾಗೆ. ಈ ಒಂದು ವ್ಯತ್ಯಾಸದಿಂದ ಬಾಚಿ ತನ್ನ ಕಡೆಗೆ ಎಳೆದು ಕೆತ್ತುವ ಉಪಕರಣವಾಗುತ್ತದೆ. ಬೀಸಿದಾಗ ಅಲಗು ಒಂದು ವೃತ್ತಖಂಡದಲ್ಲಿ ಚಲಿಸುತ್ತದೆ. ಕಾವು ಚಿಕ್ಕದಾದಷ್ಟೂ ತ್ರಿಜ್ಯ ಚಿಕ್ಕದು, ತಗ್ಗು ಆಳ. ಬೋಗುಣಿಯ ಒಳಮೈಯ ಬಾಗು ಬಡಿಗನ ತೋಳಿನ ಚಲನೆಯಿಂದಲೇ ಹುಟ್ಟುತ್ತದೆ ಎಂದಾಯಿತು. ಕಲ್ಲಿನ ಕೊಡಲಿಯ ಪ್ರಯೋಗದಲ್ಲಿ ಕಂಡ ಮಾತೇ ಇಲ್ಲಿಯೂ ಸತ್ಯ.

ಹರಿತವೆಂದರೆ ಏನು? ವಿದ್ಯಾರ್ಥಿಗಳಿಗೆ ಈ ಲೆಕ್ಕ ಕೊಡಿ. 5 ಸೆಂ.ಮೀ. ಅಗಲದ ಅಲಗಿನ ಮೇಲೆ 500 ನ್ಯೂಟನ್ ಬಲ ಬೀಳುತ್ತದೆ ಎನ್ನೋಣ. ಮೊಂಡಾದ ಅಂಚಿನ ದಪ್ಪ 0.5 ಮಿ.ಮೀ. ಇದ್ದರೆ ವಿಸ್ತೀರ್ಣ 25 ಚದರ ಮಿ.ಮೀ.; ಒತ್ತಡ ಚದರ ಮಿ.ಮೀ.ಗೆ 20 ನ್ಯೂಟನ್. ಮಸೆದ ಅಂಚಿನ ದಪ್ಪ 0.01 ಮಿ.ಮೀ. ಆದರೆ ವಿಸ್ತೀರ್ಣ 0.5 ಚದರ ಮಿ.ಮೀ.; ಒತ್ತಡ 1000 ನ್ಯೂಟನ್. ತೋಳಿನ ಬಲ ಅಷ್ಟೇ, ಒತ್ತಡ ಐವತ್ತು ಪಟ್ಟು! ಬಡಿಗ ಕೆಲಸದ ನಡುವೆ ಮತ್ತೆ ಮತ್ತೆ ಮಸೆಗಲ್ಲಿನ ಮುಂದೆ ಕೂರುವುದು ಸೋಮಾರಿತನದಿಂದಲ್ಲ ಎಂದು ಈ ಲೆಕ್ಕ ಹೇಳುತ್ತದೆ.

ಅಲಗು ಎಷ್ಟು ಒಳ್ಳೆಯದಾದರೂ ಮರದ ಎಳೆಯನ್ನು ಗೌರವಿಸಲೇಬೇಕು. ಮರವನ್ನು ಜೋಳದ ದಂಟಿನ ಸಿವುಡಿನಂತೆ ಕಲ್ಪಿಸಿಕೊಳ್ಳಿ. ಎಳೆಗಳ ನಡುವೆ ಸೀಳುವುದು ಸುಲಭ, ಎಳೆಗೆ ಅಡ್ಡವಾಗಿ ಕಡಿಯುವುದು ಕಷ್ಟ. ಬೋಗುಣಿಯ ಒಳಗೆ ಅಂಚಿನಿಂದ ತಳದ ಕಡೆಗೆ ಇಳಿಜಾರಿನಲ್ಲಿ ಕೆತ್ತಿದರೆ ಪ್ರತಿ ಎಳೆಗೂ ಅದರ ಕೆಳಗಿನ ಎಳೆಯ ಆಸರೆ ಇರುತ್ತದೆ. ಚಕ್ಕೆ ನಯವಾಗಿ ಬರುತ್ತದೆ. ತಳದಿಂದ ಮೇಲಕ್ಕೆ ಕೆತ್ತಿದರೆ ಅಲಗು ಎಳೆಗಳ ನಡುವೆ ನುಗ್ಗಿ ಅಂಚನ್ನೇ ಹಾರಿಸಿಬಿಡಬಹುದು. ನಿಮ್ಮ ಕೈಯಲ್ಲಿರುವ ಹಳೆಯ ಮರಿಗೆಯ ಏಟುಗಳು ಎರಡೂ ಕಡೆಯಿಂದ ಇಳಿದು ತಳದಲ್ಲಿ ಕೂಡುವುದನ್ನು ಗಮನಿಸಿ.

ಮರಿಗೆ ಏಕೆ ಸೀಳುತ್ತದೆ?

ಹಸಿ ಮರ ಮೆದು, ಕೆತ್ತಲು ಸುಲಭ. ಒಣಗಿದ ಮರ ಗಡಸು. ಇಲ್ಲಿನ ಕುರುಚಲು ಕಾಡಿನ ಕಮರ ಮರದ ಕೆಚ್ಚು ಭಾರತದ ಅತಿ ಗಡಸು, ಅತಿ ಭಾರದ ಮರಗಳಲ್ಲಿ ಒಂದು. ಒಣಗಿದ ಮೇಲೂ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ಕೈ ಉಪಕರಣದವರು ಹಸಿ ಇದ್ದಾಗಲೇ ಒರಟಾಗಿ ತೋಡಿ, ಒಣಗಿಸಿ, ಆಮೇಲೆ ಅಂತಿಮ ರೂಪ ಕೊಡುವುದು ಜಗತ್ತಿನ ಎಲ್ಲೆಡೆ ಕಂಡುಬರುವ ಕ್ರಮ. ತೊಂದರೆ ಇರುವುದು ಒಣಗುವಾಗ.

ಮರದ ಕೋಶಭಿತ್ತಿಯಲ್ಲಿ ಸುಮಾರು ಶೇ. 30ರಷ್ಟು ತೇವವಿರುವವರೆಗೆ ಮರ ಕುಗ್ಗುವುದಿಲ್ಲ. ಅದಕ್ಕಿಂತ ಕೆಳಗಿಳಿದಾಗ ಕುಗ್ಗತೊಡಗುತ್ತದೆ, ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಹಸಿಯಿಂದ ಪೂರ್ತಿ ಒಣಗುವವರೆಗೆ ಬೆಳವಣಿಗೆಯ ಉಂಗುರಗಳ ಗುಂಟ ಸಾಮಾನ್ಯವಾಗಿ ಶೇ. 6ರಿಂದ 10, ತಿರುಳಿನಿಂದ ತೊಗಟೆಯ ಕಡೆಗೆ ಶೇ. 3ರಿಂದ 5, ಎಳೆಯ ಉದ್ದಕ್ಕೆ ಶೇ. 0.1ರಿಂದ 0.3 ಮಾತ್ರ. 40 ಸೆಂ.ಮೀ. ವ್ಯಾಸದ ದುಂಡು ಮರಿಗೆಯನ್ನು ಹಸಿಯಾಗಿ ಕೆತ್ತಿ, ಶೇ. 12ರ ತೇವಕ್ಕೆ ಒಣಗಿಸಿದಿರಿ ಎನ್ನೋಣ. ಉಂಗುರದ ದಿಕ್ಕಿನಲ್ಲಿ ಒಟ್ಟು ಕುಗ್ಗುವಿಕೆ ಶೇ. 8 ಇರುವ ಮರವಾದರೆ ಅಡ್ಡಗಲ ಸುಮಾರು 2 ಸೆಂ.ಮೀ. ಕಡಿಮೆಯಾಗುತ್ತದೆ. ಉದ್ದ ಕಡಿಮೆಯಾಗುವುದು ಸುಮಾರು ಅರ್ಧ ಮಿಲಿಮೀಟರ್. ದುಂಡಗಿದ್ದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹಳೆಯ ಮರಿಗೆಯ ಬಾಯಿಯನ್ನು ಎರಡು ದಿಕ್ಕಿನಲ್ಲಿ ಅಳೆದು ನೋಡಿ. ವ್ಯತ್ಯಾಸ ಕಂಡರೆ ಅದು ಬಡಿಗನ ತಪ್ಪೆಂದು ತಿಳಿಯಬೇಡಿ. ಹಸಿ ಮರ ಬಳಸಿದ್ದರ ಗುರುತೂ ಆಗಿರಬಹುದು.

ತಿರುಳನ್ನು ಒಳಗೇ ಉಳಿಸಿಕೊಂಡ ಇಡೀ ದಿಮ್ಮಿ ಒಣಗುವಾಗ, ಹೊರಗಿನ ಉಂಗುರಗಳು ಹೆಚ್ಚು ಕುಗ್ಗಲು ಹೋಗಿ ಒಳಗಿನ ಭಾಗ ಅಡ್ಡ ಬಂದು ಸೀಳು ಬಿಡುತ್ತದೆ. ಇದಕ್ಕಾಗಿ ದಿಮ್ಮಿಯನ್ನು ತಿರುಳಿನ ಮೂಲಕ ಎರಡಾಗಿ ಸೀಳಿ, ತಿರುಳನ್ನು ತೆಗೆದುಹಾಕಿ ಒಂದೊಂದು ಅರ್ಧದಿಂದ ಒಂದೊಂದು ಬೋಗುಣಿ ಮಾಡುತ್ತಾರೆ. ಗೋಡೆಯ ದಪ್ಪ ಎಲ್ಲೆಡೆ ಒಂದೇ ಇದ್ದರೆ ಒಣಗುವುದೂ ಒಂದೇ ಸಮ. ಕಡಿದ ತುದಿಗಳಿಂದ ತೇವ ಬೇಗ ಹೋಗುವುದರಿಂದ ಅಲ್ಲಿಗೆ ಸಗಣಿ ಬಳಿಯುವುದು, ನೆರಳಿನಲ್ಲಿ ನಿಧಾನವಾಗಿ ಒಣಗಿಸುವುದು - ಇವೆಲ್ಲ ಇದೇ ಭೌತಶಾಸ್ತ್ರದ ಪ್ರಯೋಗಗಳು. ಬಿಸಿಲು ಬಿರುಸಾದ ನಮ್ಮ ಸೀಮೆಯಲ್ಲಿ ಈ ಎಚ್ಚರ ಮಲೆನಾಡಿಗಿಂತ ಹೆಚ್ಚು ಬೇಕು.

ಕೊನೆಗೆ ಎಣ್ಣೆ. ಅಗಸೆ ಮತ್ತು ಕುಸುಬೆ ಎಣ್ಣೆಗಳಲ್ಲಿ ಬಹು ಅಸಂತೃಪ್ತ ಮೇದಾಮ್ಲಗಳು ಹೆಚ್ಚು. ಅವು ಗಾಳಿಯ ಆಮ್ಲಜನಕದೊಡನೆ ಸೇರಿ ಜಾಲದಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹರಳೆಣ್ಣೆ ಹಾಗೆಯೇ ಇಟ್ಟರೆ ಗಟ್ಟಿಯಾಗದೆ ಜಿಡ್ಡಾಗಿ ಉಳಿಯುತ್ತದೆ.

ಮರದ ಪಾತ್ರೆ ಕೊಳಕು ಎಂಬ ಭಾವನೆ ಹಲವರಲ್ಲಿದೆ. 1994ರಲ್ಲಿ ಅಮೆರಿಕದ ಡೀನ್ ಕ್ಲೈವರ್ ಮತ್ತು ಸಂಗಡಿಗರು ತರಕಾರಿ, ಮಾಂಸ ಹೆಚ್ಚುವ ಹಲಗೆಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯೇ ಸಂಗತಿ ಕಂಡಿತು. ಮರದ ಮೇಲೆ ಹಾಕಿದ ಬ್ಯಾಕ್ಟೀರಿಯಗಳು ತೇವದ ಜೊತೆ ಒಳಗೆ ಹೀರಲ್ಪಟ್ಟು ಮೇಲ್ಮೈಯಲ್ಲಿ ಬೇಗ ಕಡಿಮೆಯಾದವು. ಗೀರು ಬಿದ್ದ ಪ್ಲಾಸ್ಟಿಕ್ಕನ್ನು ತೊಳೆದು ಶುಚಿಗೊಳಿಸುವುದೇ ಕಷ್ಟವಾಯಿತು. ಇದರರ್ಥ ಮರವನ್ನು ತೊಳೆಯಬೇಕಿಲ್ಲ ಎಂದಲ್ಲ. ತೊಳೆದು ಒಣಗಿಸಿದ ಮರ ನಾವು ಅಂದುಕೊಂಡಷ್ಟು ಕೆಟ್ಟದ್ದಲ್ಲ, ಅಷ್ಟೇ.

ಕಡಿದುಹೋದ ಸರಪಣಿ

ಹಾಗಿದ್ದರೆ ಮರಿಗೆ ಹೋದದ್ದೇಕೆ? 1886ರಲ್ಲಿ ಹಾಲ್ ಮತ್ತು ಹೆರೂ ಕಂಡುಹಿಡಿದ ವಿಧಾನದಿಂದ ಅಲ್ಯೂಮಿನಿಯಂ ಅಗ್ಗವಾಯಿತು. 1913ರಲ್ಲಿ ಹ್ಯಾರಿ ಬ್ರೇರ್ಲಿ ಕ್ರೋಮಿಯಂ ಸೇರಿಸಿದ, ತುಕ್ಕು ಹಿಡಿಯದ ಉಕ್ಕನ್ನು ಕರಗಿಸಿದ. ಈ ಲೋಹಗಳ ತಗಡಿನಿಂದ ಅಚ್ಚಿನಲ್ಲಿ ಒತ್ತಿದರೆ ಕ್ಷಣದಲ್ಲಿ ಪಾತ್ರೆ ಸಿದ್ಧ. ಹಗುರ, ಸೀಳುವುದಿಲ್ಲ, ತೊಳೆಯಲು ಸುಲಭ. ಪರಾತವನ್ನು ಆರಿಸಿಕೊಂಡ ಹೆಣ್ಣುಮಕ್ಕಳ ನಿರ್ಧಾರ ಸರಿಯಾದದ್ದೇ. ಅದನ್ನು ದೂರಲು ಈ ಲೇಖನ ಬರೆದಿಲ್ಲ.

ಆದರೆ ಮರಿಗೆಯ ಹಿಂದೆ ಒಂದು ಸರಪಣಿ ಇತ್ತು. ಕಮ್ಮಾರ ಬಾಚಿಗೆ ಹದ ಕೊಡುತ್ತಿದ್ದ. ಬಡಿಗ ಆ ಬಾಚಿಯಿಂದ ಕೂರಿಗೆ, ನೇಗಿಲು, ಮರಿಗೆ ಮಾಡುತ್ತಿದ್ದ. ರೈತ ಸುಗ್ಗಿಯಲ್ಲಿ ಇಬ್ಬರಿಗೂ ಆಯದ ಕಾಳು ಅಳೆಯುತ್ತಿದ್ದ. ಯಾವ ಮರ ಯಾವ ಕೆಲಸಕ್ಕೆ, ಯಾವ ಬಣ್ಣಕ್ಕೆ ಅಲಗನ್ನು ಅದ್ದಬೇಕು ಎಂಬ ತಿಳಿವಳಿಕೆ ಈ ಕೊಡುಕೊಳ್ಳುವಿಕೆಯಲ್ಲೇ ಮುಂದಿನ ತಲೆಮಾರಿಗೆ ಸಾಗುತ್ತಿತ್ತು. ಅದನ್ನು ಯಾರೂ ಬರೆದಿಡಲಿಲ್ಲ. ಬರೆದಿಡುವ ಅಗತ್ಯ ಆಗ ಇರಲಿಲ್ಲ. ಕಲ್ಲಿನ ಕೊಡಲಿಯವರ ಮರದ ಕೆಲಸ ನಮಗೆ ಸಿಗದೆ ಹೋದದ್ದು ಗೆದ್ದಲಿನಿಂದ. ನಮ್ಮ ಅಜ್ಜಂದಿರ ಮರದ ಕೆಲಸ ಸಿಗದೆ ಹೋದರೆ ಅದಕ್ಕೆ ಕಾರಣ ನಾವು ಕೇಳದೆ ಉಳಿದದ್ದು.

ಆದ್ದರಿಂದ ಶಿಕ್ಷಕ ಮಿತ್ರರೇ, ನಿಮ್ಮ ಶಾಲೆಯ ವಿಜ್ಞಾನ ಸಂಘದಿಂದ ಎರಡು ಕೆಲಸ ಮಾಡಿಸಿ. ಒಂದು: ಬಿದ್ದ ಅಥವಾ ಸವರಿದ ಹಸಿ ಕೊಂಬೆಯಿಂದ ಬಿಲ್ಲೆಯೊಂದನ್ನು ಕತ್ತರಿಸಿ, ತಿರುಳಿನಿಂದ ತೊಗಟೆಗೆ ಒಂದು ಗೆರೆ, ಉಂಗುರದ ಗುಂಟ ಇನ್ನೊಂದು ಗೆರೆ ಎಳೆಯಿರಿ. ವಾರಕ್ಕೊಮ್ಮೆ ತೂಕವನ್ನೂ ಎರಡೂ ಗೆರೆಗಳ ಉದ್ದವನ್ನೂ ಅಳೆದು ನಕ್ಷೆ ಬರೆಯಲಿ. ಬಿಲ್ಲೆ ಎಂದು, ಎಲ್ಲಿ ಸೀಳಿತು ಎಂಬುದನ್ನೂ ಗುರುತಿಸಲಿ. ಎರಡು: ಊರಿನಲ್ಲಿ ಕುಲುಮೆಯಾಗಲಿ ಬಡಿಗರ ಮನೆಯಾಗಲಿ ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಉಳಿ ಮಾಡುವವರು ಇನ್ನೂ ಇದ್ದಾರೆ. ಯಾವ ಬಣ್ಣಕ್ಕೆ ನೀರಿಗೆ ಹಾಕುತ್ತೀರಿ, ಮರಿಗೆಗೆ ಯಾವ ಮರ ತರುತ್ತಿದ್ದಿರಿ, ಎಷ್ಟು ದಿನ ಒಣಗಿಸುತ್ತಿದ್ದಿರಿ ಎಂದು ಕೇಳಿ, ಅವರು ಬಳಸುವ ಪದಗಳಲ್ಲೇ ಬರೆದುಕೊಳ್ಳಲಿ. ಮನೆಯಲ್ಲಿ ಮರಿಗೆ ಇದ್ದ ವಿದ್ಯಾರ್ಥಿ ಅದನ್ನು ಶಾಲೆಗೆ ತರಲಿ. ಅಳತೆ, ತೂಕ, ಮರದ ಹೆಸರು, ಏಟಿನ ಗುರುತುಗಳ ಚಿತ್ರ ಒಂದು ವಹಿಯಲ್ಲಿ ಸೇರಲಿ. ಒಲೆಗೆ ಹೋಗುವ ಮುನ್ನ ಅಷ್ಟಾದರೂ ಉಳಿಯುತ್ತದೆ.